ಆಟಕ್ಕುಂಟು

ಆಷಾಢದಾಗ ಬ್ಯಾಂಡಿನವರಿಗೆ ಕೆಲಸಿಲ್ಲ.
ಗಣೇಶಪೇಟದ ಅಂಗಡಿ ಶಟರು ಅರ್ಧ ಇಳಿಸಿ
ಹುಣಸಿಹಣ್ಣು ಹಚ್ಚಿ ಹಿತ್ತಾಳಿ ತಿಕ್ಕತೀವಿ,
ಕೆಂಪು ಕೋಟಿಗೆ ಗುಂಡಿ ಹಚ್ಚತೀವಿ.
ಕ್ಲಾರಿನೆಟ್ಟಿನ ದಾವಲಸಾಬ ಅಮರಗೋಳದ ಯಾರ್ಡಿನಾಗ
ಉಳ್ಳಾಗಡ್ಡಿ ಹೊರಾಕ ಹೋಗತಾನ.

ನಂದು ಟ್ಯೂಬಾ.
ರೈಲ್ವೆದವರ ಬ್ಯಾಂಡು ಮುಚ್ಚಿದಾಗ
ಹರಾಜಿನ್ಯಾಗ ತೂಕದ ಮ್ಯಾಲ ಬಂದದ್ದು:
ಹನ್ನೊಂದು ಕಿಲೋ, ಹೊಟ್ಟ್ಯಾಗೊಂದು ತೆಗ್ಗು, ಮೂರು ಗುಂಡಿ.
ನಾಲ್ಕು ಗುಂಡಿಯವು ಮಿಲಿಟ್ರಿಯವರ ಕಡೆ ಇರತಾವಂತ.

ಹಂಗಾಗಿ ಇದರ ತಳದಾಗ ಒಂದು ಹಾಳುಜಾಗಾ.
ಪಾ ಐತಿ. ಮೂರೂ ಒತ್ತಿದರ, ಕಷ್ಟಪಟ್ಟು, ತೀವ್ರ ಮಧ್ಯಮ.
ಆಮ್ಯಾಲ ಸೀದಾ ತಳದ ಸಾ.
ನಡುವ ಶುದ್ಧ ಮ ಇಲ್ಲ, ಗ ಇಲ್ಲ, ರಿ ಇಲ್ಲ.
ಗ್ವಾಡಿಗೆ ಹಚ್ಚಿದ ಬೆರಳಿನ ಪಟದಾಗೂ
ಆ ಮನಿಗಳು ಖಾಲಿ. ಯಾರೋ ಅಲ್ಲಿ
ಪೆನ್ಸಿಲ್ಲಿಂದ ಚಾದ ಉದ್ರಿ ಬರದಾರ.

ಮೋದಿನಸಾಬ ಮಾಸ್ತರು ಹಲ್ಲು ಹ್ವಾದ ಮ್ಯಾಲ ಊದಲಿಲ್ಲ.
ಬಾಯಿಲೇ ಹೇಳತಿದ್ದರು:
"ಯಮನೂರಾ, ಏನೂ ಒತ್ತಬ್ಯಾಡ. ತುಟಿ ಬಿಡು.
ತೂಕಡಿಸೋ ಎಮ್ಮಿ ತುಟಿ ಇರತೈತಿ ನೋಡು, ಹಂಗ.
ಷಡ್ಜಕ್ಕ ಬೀಳಬ್ಯಾಡ, ಪಂಚಮಕ್ಕ ಏರಬ್ಯಾಡ.
ನಡುವ ನಿಂತು ಕೇಳು,
ಯಾರರ ಅದಾರೇನು ಅಂತ."

ಹದಿನೆಂಟು ದಿನ ಯಾರೂ ಇರಲಿಲ್ಲ.
ಒಮ್ಮೆ ತಳದ ಸಾ ಕಾಲು ಹಿಡಿದು ಜಗ್ಗತಿತ್ತು,
ಒಮ್ಮೆ ಮ್ಯಾಲಿನದು ಜುಟ್ಟ ಹಿಡಿದು ಎತ್ತತಿತ್ತು.
ಗಾಳಿ, ಉಗುಳು, ಬರೇ ಪರ್ರ್ ಪರ್ರ್.
ಚಾದ ಹುಡುಗ ಕೇಳಿದ: ಅಣ್ಣಾ, ಹೊಟ್ಟಿ ಕೆಟ್ಟೈತೇನು?

ಮರುದಿನ ಸಂಜಿಮುಂದ ವರ್ಕ್‌ಶಾಪಿನ ಭೋಂಗಾ ಆತು.
ಅದು ಇಳಿದು ಇಳಿದು ಸಾಯೋ ಜಾಗಾದಾಗ
ನನ್ನ ತುಟಿ ತಾನ ಇಳೀತು.
ಬಂತು.
ಮ.
ಕೊಳವಿ ಕೊಟ್ಟದ್ದಲ್ಲ ಅದು.
ಕೊಳವಿ ಬ್ಯಾಡ ಅನ್ನಲಿಲ್ಲ, ಅಷ್ಟ.
ಒರಟು, ದಪ್ಪ, ಬಾಯಿತುಂಬ ಮರಳು.
ಶಟರು ನಡುಗಿತು. ಮೊಳಿಗೆ ಸಿಗಿಸಿದ ಟೊಪಿಗಿ ಕುಣೀತು.
ನಡುವಿನ ಬೆರಳು ಒತ್ತಿದೆ: ಗ.
ಮೊದಲಿಂದು, ನಡುವಿಂದು ಕೂಡಿ: ರಿ.
ಕತ್ತಲಾಗ ಇಲ್ಲದ ಮೆಟ್ಟಲಕ್ಕ ಕಾಲಿಟ್ಟರ
ಕಾಲು ನಿಂತಂಗ.

ಮಾಸ್ತರು ಕಣ್ಣು ತೆರೀಲಿಲ್ಲ.
"ಆಟಕ್ಕುಂಟು," ಅಂದರು, "ಲೆಕ್ಕಕ್ಕಿಲ್ಲ."
ಮತ್ತ ಎರಡು ಚಾ ಹೇಳಿದರು.
ಆ ಉದ್ರೀನೂ ನಾ ಅದ ಮನಿಯೊಳಗ ಬರದೆ.

ಶ್ರಾವಣದ ಮೊದಲ ಮದುವಿ, ಕೇಶ್ವಾಪುರ.
ಕ್ಯಾಸಿಯೋ, ಟ್ರಂಪೆಟ್ಟು, ಡೋಲು, ಮ್ಯಾಲ ಪಟಾಕಿ.
ಕುಣಿಯೋರಿಗೆ ನನ್ನ ಕಡೆ ಲಕ್ಷ್ಯ ಇಲ್ಲ,
ಎಂದೂ ಇದ್ದದ್ದಲ್ಲ.
ಒಂದು ತಿರುವಿನ್ಯಾಗ ಹಾಡು ಮಧ್ಯಮಕ್ಕ ಇಳೀತು.
ಹೋದ ವರ್ಷ ಅಲ್ಲಿ ನಾ ಉಸಿರು ತಗೊಳ್ಳತಿದ್ದೆ.
ಈ ಸಲ ಬೆರಳೆಲ್ಲಾ ಎತ್ತಿದೆ, ತುಟಿ ಬಿಟ್ಟೆ.

ವರನ ಕುದುರಿ ಒಂದು ಕಿವಿ ಹಿಂದ ತಿರುವಿತು.
ಜನರೇಟರ್ ದೂಡೋ ನಿಂಗರಾಜ ಬಗ್ಗಿ
ಇಂಜಿನ್ ಮುಟ್ಟಿ ನೋಡಿದ,
ಆಯಿಲ್ ಕಡಿಮಿ ಆತೇನೋ ಅಂತ.
ದೀಪದ ಗೊಂಚಲ ತಲಿಮ್ಯಾಗ ಹೊತ್ತ ಕಾಳವ್ವ ಮಾತ್ರ
ಸಾಲು ಬಿಟ್ಟು ನನ್ನ ಸನೇಕ ಸರದಳು,
ವಾಯರು ಬಿಗಿ ಆಗೋ ತನಕ.
"ಅಣ್ಣಾ, ಅದೇನದು ಈಗ, ಅಂಗಾಲಿಗೆ ಬಂತಲ್ಲ?"

ನನಗ ಬಾಯಿ ಖಾಲಿ ಇಲ್ಲ,
ಆಕಿಗೆ ತಲಿ ಖಾಲಿ ಇಲ್ಲ.
ಇನ್ನೊಮ್ಮೆ, ಅಂತ ಕಣ್ಣಿಲೇ ಕೇಳಿದಳು.

ಹಾಡು ಮುಂದ ಹೋಗಿತ್ತು.
ಆ ತಿರುವು ಮತ್ತ ಬರಾಕ
ಇನ್ನ ಎಂಟು ಸಾಲು.
ಎಣಸಕೋತ ನಡದೆ.
ಆಕಿ ಬಾಜೂಕ, ಚಪ್ಪಲಿ ಬಿಚ್ಚಿ
ಕೈಯಾಗ ಹಿಡಕೊಂಡು.